ನೆತ್ತಿಗಲ್ಲು ಇಡುವ ಮುನ್ನ

ಇಟಲಿಯ ಇಟ್ರಿಯಾ ಕಣಿವೆಯಲ್ಲಿ ಒರೊಂಜೊ ಮೇಸ್ತ್ರಿಯಷ್ಟು ಚೆನ್ನಾಗಿ ಮನೆಗೆ ಮಾಡು ಕಟ್ಟುವವರು ಇರಲಿಲ್ಲ, ಅವನಷ್ಟು ನಗೆಪಾಟಲಿಗೀಡಾದವರೂ ಇರಲಿಲ್ಲ. ಗಾರೆ ಮುಟ್ಟದೆ, ಬರೀ ಚಪ್ಪಡಿಗಲ್ಲುಗಳನ್ನು ಸುತ್ತು ಸುತ್ತಾಗಿ ಏರಿಸಿ, ಮಾಡನ್ನು ಕುಲಾವಿಯಂತೆ ಚೂಪು ಮಾಡುತ್ತಿದ್ದ. ಎಲ್ಲ ಮುಗಿದು ತುದಿಯ ನೆತ್ತಿಗಲ್ಲು ಒಂದೇ ಉಳಿದಾಗ ಅವನ ಹುಚ್ಚು ಶುರುವಾಗುತ್ತಿತ್ತು. ತೂತಿಗೆ ಬಾಯಿಟ್ಟು, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಮೂರು ಸಲ ಕೂಗುತ್ತಿದ್ದ. ಆಮೇಲೆ ಕಿವಿಯಿಟ್ಟು ಕಾಯುತ್ತಿದ್ದ, ಒಮ್ಮೊಮ್ಮೆ ಮಧ್ಯಾಹ್ನವಿಡೀ.

"ಒಳಗೆ ನಿಮ್ಮತ್ತೆ ಇದ್ದಾಳೆ ಮೇಸ್ತ್ರೀ, ಊಟಕ್ಕೆ ಕರೀತಾಳೆ!" ಎಂದು ಹುಡುಗರು ಕೆಳಗಿನಿಂದ ಕಿಸಿಯುತ್ತಿದ್ದರು.

ಕಿಸಿಯುವವರೆಲ್ಲ ಮನೆ ಕೆಡವುವ ಕಾಲ ಕಳೆದಮೇಲೆ ಹುಟ್ಟಿದವರು. ತಲೆ ನರೆತವರು ನಗುತ್ತಿರಲಿಲ್ಲ.

ನಲವತ್ತು ವರ್ಷದ ಹಿಂದೆ ಊರು ಅರಸನ ಕೈಕೆಳಗಿನ ಒಬ್ಬ ದೊರೆಯ ಮುಷ್ಟಿಯಲ್ಲಿತ್ತು. ಅಲ್ಲೊಂದು ಊರಿದೆ ಎಂದು ಅರಸನಿಗೆ ಗೊತ್ತಾದರೆ ದೊರೆ ಕಂದಾಯ ಕಟ್ಟಬೇಕು. ಅದಕ್ಕೇ ಗಾರೆ ಹಾಕಬೇಡಿ ಎಂಬ ಅಪ್ಪಣೆ. ಅರಸನ ತನಿಖೆಯವನು ಬರುವ ಸುದ್ದಿ ಸಿಕ್ಕರೆ ನೆತ್ತಿಗಲ್ಲು ಕಿತ್ತು ಮನೆಗಳನ್ನು ಕಲ್ಲುರಾಶಿ ಮಾಡಬೇಕು, ಅವನು ಹೋದಮೇಲೆ ಮತ್ತೆ ಕಟ್ಟಬೇಕು. ದೊರೆಗೆ ಉಳಿತಾಯ, ಊರಿಗೆ ಬೆನ್ನುನೋವು. ಬಾಯಿ ಬಿಟ್ಟವರಿಗೆ ಸೆರೆಮನೆ.

ಅಂಥದೊಂದು ಬೆಳಿಗ್ಗೆ ಇಪ್ಪತ್ತೈದರ ಒರೊಂಜೊ ಹನ್ನೊಂದು ಮನೆ ಕೆಡವಿದ್ದ. ಹನ್ನೆರಡನೆಯದು ಕೊಮಾಸಿಯಾ ಮುದುಕಿಯದು. ಅವಳೂ ಮಗಳು ದೊನಾತಾಳೂ ಹಾಸಿಗೆ, ಪಾತ್ರೆ, ಮೇಕೆ ಎಲ್ಲ ಹೊರಗೆ ಸಾಗಿಸಿದ್ದರು. ಅವಸರದಲ್ಲಿ ಅವನು ಕೂಗಿ ಕೇಳಲಿಲ್ಲ, ನೆತ್ತಿಗಲ್ಲು ಕಿತ್ತ, ಮಾಡು ಕುಸಿಯಿತು. ಗೋಡೆಯ ಗೂಡಿನಲ್ಲಿ ರೊಟ್ಟಿಯ ಹುಳಿಹಿಟ್ಟಿನ ಕುಡಿಕೆ ಮರೆತುಹೋಗಿತ್ತು. ಮುದುಕಿ ತನ್ನ ಅಜ್ಜಿಯ ಕಾಲದಿಂದ ಉಳಿಸಿಕೊಂಡು ಬಂದ ಹೆಪ್ಪು ಅದು. ಅದನ್ನು ತರಲು ಅವಳು ಮತ್ತೆ ಒಳಗೆ ಹೋಗಿದ್ದಳು.

ಧೂಳು ಅಡಗುವಷ್ಟರಲ್ಲಿ ತನಿಖೆಯವನ ಕುದುರೆಗಳು ದಿಣ್ಣೆ ಇಳಿದವು. ಊರವರು ದನಗಾಹಿಗಳಂತೆ ಕಲ್ಲುರಾಶಿಗಳ ಮೇಲೆ ಕೂತರು. ಆಗ ಒರೊಂಜೊನ ಕಾಲಡಿಯಲ್ಲಿ ಸದ್ದಾಯಿತು: ಟಕ್, ಟಕ್. ಅವನಿಗೆ ತಕ್ಷಣ ತಿಳಿಯಿತು.

"ಏನದು?" ಎಂದ ತನಿಖೆಯವನು.

"ಬಿಸಿಲಿಗೆ ಕಲ್ಲು ಸಿಡೀತಾವೆ, ಸ್ವಾಮಿ" ಎಂದ ಒರೊಂಜೊ.

ಆ ಮನುಷ್ಯ ಅಲ್ಲೇ ನೆರಳು ನೋಡಿ ಬುತ್ತಿ ಬಿಚ್ಚಿದ. ಉಂಡು ಎದ್ದು ಹೋಗುವಷ್ಟರಲ್ಲಿ ಸದ್ದು ನಿಂತಿತ್ತು. ಕಲ್ಲು ಸರಿಸಿದಾಗ ಕುಡಿಕೆ ಅವಳ ಮಡಿಲಲ್ಲಿತ್ತು, ಒಡೆದಿರಲಿಲ್ಲ.

"ಬಿದ್ದ ಕೂಡ್ಲೇ ಹೋಗ್ಬಿಟ್ಳು, ನರಳಲಿಲ್ಲ" ಎಂದು ಅವನು ದೊನಾತಾಳಿಗೆ ಹೇಳಿದ. ನಲವತ್ತು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡು ಬಂದ. ಅದು ಕುಸಿದು ಬಿದ್ದರೆ ದೊನಾತಾಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಆಮೇಲೆ ಊರು ದೊರೆಯ ಕೈ ತಪ್ಪಿ ಅರಸನಿಗೆ ಸೇರಿತು. ಕೆಡವುವ ಕೆಲಸ ನಿಂತಿತು. ಸದ್ದು ಮಾತ್ರ ಅವನನ್ನು ಬಿಡಲಿಲ್ಲ. ಈಗ ದೊನಾತಾಳ ಮೊಮ್ಮಗಳಿಗೆ ಮದುವೆ, ಮುದುಕಿ ಸತ್ತ ಹಳೆಯ ಮನೆಯ ಕಲ್ಲುಗಳಿಂದಲೇ ಹೊಸ ಮನೆ. ಮೂರು ಸಲ ಕೂಗಿದ ಒರೊಂಜೊ ನೆತ್ತಿಗಲ್ಲನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಮಾಡಿನ ಮೇಲೆ ಕೂತಿದ್ದ. ಒಳಗೆ ಟಕ್, ಟಕ್. ಹೊತ್ತು ಇಳಿದರೂ ಅವನು ಅಲ್ಲಾಡಲಿಲ್ಲ.

ದೊನಾತಾ ಏದುಸಿರು ಬಿಡುತ್ತ ಏಣಿ ಹತ್ತಿದಳು. "ಮೊಟ್ಟೆ ಇಡ್ತಿದ್ದೀಯೇನೋ ಮೇಸ್ತ್ರಿ? ನಾಳೆ ಮದುವೆ!"

"ನಿನಗೆ ಸುಳ್ಳು ಹೇಳ್ದೆ, ದೊನಾತಾ. ನಿಮ್ಮವ್ವ ಕೂಡ್ಲೇ ಹೋಗ್ಲಿಲ್ಲ. ತಟ್ಟಿದ್ಳು. ನಾನು ಕೇಳಿಸ್ಕೊಂಡು ಸುಮ್ನಿದ್ದೆ."

ಅವಳು ಏಣಿಯ ಮೆಟ್ಟಿಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಗೊತ್ತು. ನಾನು ಮೂರು ಮಾರು ಆಚೆ ಮೇಕೆ ಹಿಡ್ಕೊಂಡು ಕೂತಿದ್ದೆ. ನನಗೂ ಕೇಳಿಸ್ತು."

"ಮತ್ತೆ ಯಾಕೆ ಕೂಗ್ಲಿಲ್ಲ?"

"ಊರೆಲ್ಲ ನನ್ನೇ ನೋಡ್ತಿತ್ತಲ್ಲೋ. ನೀನು ಕೂಡ್ಲೇ ಹೋದ್ಳು ಅಂದೆ. ಅದನ್ನೇ ಹಿಡ್ಕೊಂಡು ಬದುಕ್ದೆ."

ಇಬ್ಬರೂ ಅತ್ತರು. ಆಮೇಲೆ ಅವಳು ಮೂಗು ಒರೆಸಿಕೊಂಡು ಇಳಿದು ಮನೆಯೊಳಗೆ ಹೋದಳು. ತೂತಿನ ಕೆಳಗೆ ಅವಳ ನರೆತ ತಲೆ ಕಂಡಿತು.

"ಕೂಗು ಈಗ."

"ಒಳಗೆ ಯಾರಾದ್ರೂ ಇದ್ದೀರಾ?"

"ನಾನಿದ್ದೀನಿ ಮೇಸ್ತ್ರಿ. ಬಾಗ್ಲು ತೆಗ್ದೇ ಇದೆ. ಕಲ್ಲು ಇಡು."

ಜೀವಮಾನದಲ್ಲಿ ಮೊದಲ ಸಲ ಅವನಿಗೆ ಉತ್ತರ ಸಿಕ್ಕಿತ್ತು. ಕಲ್ಲು ಕೂರಿಸಿ, ಇಳಿದು ಬಂದು ಹೊಸ್ತಿಲ ಬಳಿ ನಿಂತ.

"ಅವ್ವ ತಟ್ಟೋದು ಇನ್ನೂ ಕೇಳಿಸ್ತಿದ್ಯಾ?" ಎಂದಳು ದೊನಾತಾ ಕತ್ತಲಿನಿಂದ.

"ಹೂಂ."

"ನನಗೂ" ಎಂದಳು.