ಎಲಿತೋಟ ಕಾಡಾದ ದಿನ

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ: ಸವಣೂರಾಗ ನಾನು ಒಂದ ಬೆರಳಿಲೆ ಕಾಡು ಬೆಳೆಸೇನಿ.

ಯಾವ ದೇಶದಾಗ ಕಾಡು ಹೆಚ್ಚಾತು, ಎಲ್ಲಿ ಕಮ್ಮಿ ಆತು ಅನ್ನೋ ಲೆಕ್ಕಕ್ಕ ಉಪಗ್ರಹದ ನಕಾಶೆ ಇರ್ತದ. ಅದರಾಗಿನ ಹಸಿರು ಖರೇನ ಕಾಡೋ ಅಲ್ಲೋ, ಹೋಗಿ ನೋಡಿ ಟ್ಯಾಬಿನಾಗ ತುಂಬೋದು ನನ್ನ ಕೆಲಸ. ಗಿಡ ಗುರ್ತಿಸೋದ್ರಾಗ ನನ್ನ ಮೀರಿಸೋರಿಲ್ಲ. ಆದ್ರ ವೀಳ್ಯದೆಲಿ ತೋಟ ಅಂದ್ರ ಗುಡಿ ಇದ್ದಂಗ, ಬೂಟು ಹಾಕ್ಕೊಂಡು ಕಾಲಿಡಂಗಿಲ್ಲ. ಹೊಸ ಬೂಟು ಬಿಚ್ಚಾಕ ಮನಸ್ಸಾಗಲಿಲ್ಲ; ರಸ್ತೆಮ್ಯಾಲೆ ನಿಂತು ‘ಕಾಡು’ ಅಂತ ಒತ್ತಿದೆ.

“ಏನ್ ಬರದಿ ತಮ್ಮಾ?” ತೋಟದ ಅಕ್ಕ ಕೇಳಿದಳು. ಹೇಳಿದೆ.

“ಕಾಡಂದ್ರ, ನಾಳೆ ಎಲಿ ಕೊಯ್ಯಾಕ ಯಾರ ಅಪ್ಪಣೆ ಕೇಳ್ಲಿ?”

ಅಳಿಸಾಕ ಹೋದ್ರ ಟ್ಯಾಬು ಒಪ್ಪಲಿಲ್ಲ. ಒಮ್ಮೆ ಒತ್ತಿದ್ದು ತಿದ್ದೋ ಅಧಿಕಾರ ನಮ್ಮ ಸಾಹೇಬ್ರದ್ದು; ಅವ್ರು ಫೋನ್ ಎತ್ತಲಿಲ್ಲ. ಸಂಜಿ ಐದಕ್ಕ ಆ ದಿನದ ಪಟ್ಟಿ ಮ್ಯಾಲಿನ ಕಚೇರಿಗೆ ಹೋಗೋದಿತ್ತು.

“ಬೂಟು ಬಿಚ್ಚು. ಒಳಗ ಬಂದು ಬಳ್ಳಿ ಫೋಟೊ ತಗಿ.”

ಬರಿಗಾಲಿಲೆ ಹೋಗಿ, ಗಿಡಕ್ಕ ಹಬ್ಬಿದ ಬಳ್ಳಿಗಳ ಫೋಟೊ ಸಾಹೇಬ್ರಿಗೆ ಕಳಿಸಿದೆ. ಹೊರಗ ಬಂದ್ರ ಅಕ್ಕ ನನ್ನ ಬೂಟು ಹಿಡ್ಕೊಂಡು ನಿಂತಿದ್ದಳು.

“ತಿದ್ದಿದ್ರ ಕೊಡ್ತೇನಿ.”

ಐದಕ್ಕ ಹತ್ತು ನಿಮಿಷ ಇದ್ದಾಗ ಸಾಹೇಬ್ರು ಫೋನ್ ಮಾಡಿ, ಬೈದು, ತಿದ್ದಿದ್ರು. ಜಗತ್ತಿನ ಕಾಡು ಒಂದು ತೋಟದಷ್ಟು ಕಮ್ಮಿ ಆತು. ಅಕ್ಕ ನನ್ನ ಬೂಟು ನನಗ ಕೊಟ್ಟಳು.