ಮುದ್ದೆ ಕೋಲು ಕೈ ಬದಲಾದ ದಿನ

ನನ್ನ ಅಣ್ಣ ಐಮಂಗಲದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಮುದ್ದೆ ಹೋಟೆಲ್ ನಡೆಸುತ್ತಾನೆ. ನಾನು ಚಿತ್ರದುರ್ಗದ ಒಂದು ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿದ್ದೇನೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಅವರ ಕೆಲಸ ಬದಲಾಗುವ ಮೊದಲು ಕೂರಿಸಿ ಮಾತಾಡುವುದು, ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು ನನ್ನ ಹೊಟ್ಟೆಪಾಡು. ಇದನ್ನು ವಿವರಿಸಿದಾಗಲೆಲ್ಲ ಅಣ್ಣನಿಗೆ ನಗು.

“ಬರೀ ಮಾತಾಡಾಕೆ ಸಂಬಳ ಕೊಡ್ತಾರೇನೇ ನಿಂಗೆ?”

“ನಿನ್ನ ಹೋಟೆಲಿಗೂ ಅಂಥವರು ಬೇಕು ಕಣೋ. ವಾರಕ್ಕೊಮ್ಮೆ ಬಂದು ಹೋಗೋರಾದ್ರೂ ಸಾಕು” ಎಂದರೆ, “ನಮ್ದೇನು ದೊಡ್ಡ ಕಂಪನಿನಾ? ಇರೋ ಐದಾರು ಜನ. ಎಲ್ಲಾ ಮನೆಯೋರಿದ್ದಂಗೆ ಅವ್ರೆ” ಎನ್ನುತ್ತಿದ್ದ.

ಹೊಸದುರ್ಗದ ಕೊಬ್ಬರಿ ಅಂಗಡಿಯವರು, ಹೊಳಲ್ಕೆರೆಯ ಮಂಡಿಯವರು, ಹಿರಿಯೂರಿನ ಗ್ಯಾರೇಜಿನವರು, ಯಾರನ್ನು ಕೇಳಿದರೂ ಇದೇ ಮಾತು. ಮೊದಲೆಲ್ಲ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಈಗ ‘ಮನೆಯೋರಿದ್ದಂಗೆ’ ಎಂದು ಯಾರಾದರೂ ಹೇಳಿದರೆ ಮೈ ಉರಿಯುತ್ತದೆ. ನಮ್ಮ ಕಾರ್ಖಾನೆಯಲ್ಲಿ ಒಬ್ಬರು ನೊಂದು ಬಿಟ್ಟುಹೋದರೆ ಅವರ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ಐದಾರು ಜನರ ಹೋಟೆಲಿನಲ್ಲಿ ಒಬ್ಬರು ನೊಂದರೆ ಒಲೆಯೇ ತಣ್ಣಗಾಗುತ್ತದೆ.

ಆ ಹೋಟೆಲಿನ ಒಲೆ ಎಂದರೆ ಅಕ್ಕ. ನಮ್ಮ ಒಡಹುಟ್ಟಿದವಳಲ್ಲ. ಹೋಟೆಲು ತಗಡಿನ ಚಪ್ಪರವಾಗಿದ್ದ ಕಾಲದಿಂದ ಅಲ್ಲಿ ಮುದ್ದೆ ತಿರುವಿದವಳು. ಗಂಡ ತೀರಿಕೊಂಡ ಮೇಲೆ ಐಮಂಗಲದಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು. ಮಗ ಸೊಸೆ ಹಿರೇಗುಂಟನೂರಿನಲ್ಲಿ. ಲಾರಿ ಡ್ರೈವರುಗಳು ಕೈ ತೊಳೆಯುವ ಮೊದಲು ಅಡಿಗೆಮನೆಗೆ ಇಣುಕಿ, ಅವಳಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಕೂರುತ್ತಿದ್ದರು. ಮಾಲೀಕನೆಂದು ಅಣ್ಣನಿಗೆ ಅವಳು ಯಾವತ್ತೂ ಹೆದರಿದವಳಲ್ಲ. “ಲೇ ತಮ್ಮ, ಮೊದ್ಲು ಉಣ್ಣು ಬಾರಲೇ, ಆಮ್ಯಾಲೆ ಯಜಮಾನಿಕೆ ಮಾಡೀಯಂತೆ” ಎಂದು ಗಿರಾಕಿಗಳ ಮುಂದೆಯೇ ಗದರುತ್ತಿದ್ದಳು. ಅಣ್ಣ ಬಾಲ ಮುದುರಿಕೊಂಡು ಹೋಗಿ ಉಣ್ಣುತ್ತಿದ್ದ.

ಕೆಲವು ವರ್ಷಗಳಿಂದ ಅವಳ ಮಣಿಕಟ್ಟು ಊದಿಕೊಳ್ಳುತ್ತಿತ್ತು. ದೊಡ್ಡ ಪಾತ್ರೆಯ ಹಿಟ್ಟನ್ನು ತಿರುವುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಅಣ್ಣನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

“ಅವಳ ಹತ್ರ ಮಾತಾಡು” ಎಂದೆ.

“ಏನಂತ? ಅಕ್ಕನ್ನ ಮುಂದೆ ಕುಂಡ್ರಿಸ್ಕಂಡು ನಿಂಗೆ ವಯಸ್ಸಾತು, ಕೈಲಾಗಲ್ಲ ಅನ್ನಾಣೇನು? ನಂಗೆ ಬಾಯಿ ಬರಲ್ಲ ಬಿಡು.”

ನಮ್ಮ ಕಡೆಯವರ ಪ್ರೀತಿಯೇ ಹೀಗೆ. ಹತ್ತಿರದವರಿಗೆ ಕಷ್ಟದ ಮಾತನ್ನು ಎದುರಿಗೆ ಆಡುವುದಿಲ್ಲ. ಹಬ್ಬ ಹುಣ್ಣಿಮೆ ನೋಡಿ, ಮಾಡಿ ತೋರಿಸುತ್ತೇವೆ, ಅರ್ಥ ಮಾಡಿಕೊಳ್ಳಲಿ ಎಂದು ಬಿಡುತ್ತೇವೆ.

ಹೋಟೆಲಿನ ಆಯುಧಪೂಜೆಯಲ್ಲಿ ಒಂದು ಪದ್ಧತಿಯಿತ್ತು. ಹಿಟ್ಟಿನ ಪಾತ್ರೆ, ಸೌಟು, ಈಳಿಗೆಮಣೆ, ಮುದ್ದೆ ಕೋಲು ಎಲ್ಲವನ್ನೂ ತೊಳೆದು ಕುಂಕುಮವಿಟ್ಟು ಸಾಲಾಗಿ ಜೋಡಿಸುತ್ತಿದ್ದರು. ಪೂಜೆಯಾದ ಮೇಲೆ ಅಣ್ಣ ಒಂದೊಂದನ್ನೇ ಎತ್ತಿ, ಅದನ್ನು ಹಿಡಿಯುವವರ ಕೈಗೆ ಕೊಡುತ್ತಿದ್ದ. ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು. ಮೊದಲು ಕೊಡುತ್ತಿದ್ದುದು ಮುದ್ದೆ ಕೋಲು, ಅಕ್ಕನಿಗೆ.

ಆ ವರ್ಷ ಪೂಜೆಗೆ ನಾನೂ ಹೋಗಿದ್ದೆ. ಅಕ್ಕ ಹೊಸ ಸೀರೆಯುಟ್ಟು, ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ಸೊಸೆ ಹಬ್ಬಕ್ಕೆ ಬಂದಿರಬೇಕೆಂದು ನಾವು ಮಂಡಕ್ಕಿ ಕೊಟ್ಟು ಕೂರಿಸಿದೆವು. ಸಹಾಯಕ್ಕೆಂದು ಒಂದು ವಾರದ ಹಿಂದೆ ಸೇರಿಕೊಂಡಿದ್ದ ಇನ್ನೊಬ್ಬ ಹೆಂಗಸು ಕೊನೆಯಲ್ಲಿ ನಿಂತಿದ್ದಳು. ಅಣ್ಣ ಕೋಲನ್ನು ಎತ್ತಿದ. ಅಕ್ಕ ರೂಢಿಯಂತೆ ಎರಡೂ ಕೈ ಚಾಚಿದಳು. ಅಣ್ಣ ಅವಳನ್ನು ದಾಟಿ ಹೋಗಿ ಆ ಹೊಸ ಹೆಂಗಸಿಗೆ ಕೊಟ್ಟ. 

ಅಕ್ಕನ ಕೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಸೆರಗು ಸರಿಮಾಡಿಕೊಳ್ಳುವವಳಂತೆ ಹಿಂದಕ್ಕೆ ತೆಗೆದುಕೊಂಡಳು. ಅಣ್ಣ ಅವಳ ಮುಖ ನೋಡಲಾಗದೆ, ಉಳಿದ ಸಾಮಾನನ್ನೆಲ್ಲ ಅವಸರವಸರವಾಗಿ ಹಂಚಿದ. ಅವಳಿಗೆ ಸಮಾಧಾನವಾಗಿ ಹೇಳೋಣವೆಂದು ಅವನು ತಿರುಗುವಷ್ಟರಲ್ಲಿ ಅಕ್ಕ ಸೊಸೆಯ ಕೈ ಹಿಡಿದುಕೊಂಡು ರಸ್ತೆ ದಾಟಿಬಿಟ್ಟಿದ್ದಳು.

ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. “ಬರ್ತಾಳೆ ಬಿಡು, ನಾನೇನು ಬಿಡಿಸಿದ್ನಾ?” ಎಂದು ಅಣ್ಣ ಕಾದ. ಅವಳು ಕೋಣೆ ಖಾಲಿ ಮಾಡಿ ಹಿರೇಗುಂಟನೂರಿಗೆ ಹೋದಳೆಂದು ಕೇಳಿ ಮುಖ ಸಣ್ಣ ಮಾಡಿಕೊಂಡ. ಆದರೂ ಹೋಗಲಿಲ್ಲ. ಕೋಲು ಹಿಡಿದ ಪಾಪಕ್ಕೆ ಹೊಸ ಹೆಂಗಸಿನ ಜೊತೆ ಉಳಿದವರು ಮಾತು ಬಿಟ್ಟರು. ಅವಳೂ ಕಣ್ಣೀರು ಹಾಕಿಕೊಂಡು ಬಿಟ್ಟುಹೋದಳು. ಅವಳ ತಪ್ಪೇನಿತ್ತು? ಒಂದು ದಿನ ನಾನು ಹೋದಾಗ ಅಣ್ಣನೇ ಬೆವರು ಸುರಿಸಿಕೊಂಡು ಮುದ್ದೆ ತಿರುವುತ್ತಿದ್ದ. ತುಂಬ ಗಂಟು. ಡ್ರೈವರೊಬ್ಬ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ.

“ಒಲೆ ಆರ್ಸು. ಹಿರೇಗುಂಟನೂರಿಗೆ ಹೋಗಾಣ ನಡಿ” ಎಂದೆ. ಅವನು ಒಲೆ ಆರಿಸಿ ಗಾಡಿ ತೆಗೆದ.

ಅಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಣ್ಣನನ್ನು ನೋಡಿ ಎದ್ದು ನಿಂತಳು.

“ಬರ್ರಿ, ಕುಂತ್ಕಳ್ರಿ” ಎಂದಳು.

ಬೈದಿದ್ದರೆ ಅಣ್ಣ ಬದುಕಿಕೊಳ್ಳುತ್ತಿದ್ದ. ‘ಲೇ ತಮ್ಮ’ ಎನ್ನುತ್ತಿದ್ದವಳ ಬಾಯಲ್ಲಿ ಆ ಮರ್ಯಾದೆಯ ಮಾತು ಕೇಳಿ ಅವನ ಮುಖ ಬಿಳಿಚಿಹೋಯಿತು. ತಡವರಿಸುತ್ತ ಹೇಳಿದ: “ಅಕ್ಕ, ನಿನ್ನ ಕೈನೋವು ನೋಡಾಕೆ ಆಗ್ಲಿಲ್ಲ. ನೀನು ಕುಂತು ಹೇಳ್ತಿರು, ಬೇರೆಯೋರು ತಿರುವಲಿ, ಸಂಬಳ ಹಂಗೇ ಇರ್ಲಿ ಅಂತ ಇದ್ದೆ. ಪೂಜೆ ಆದ್ಮ್ಯಾಲೆ ಹೇಳಾಣ ಅಂತ...”

ಅಕ್ಕ ಕೈಯಲ್ಲಿದ್ದ ಹುಣಸೆಬೀಜಗಳನ್ನು ಮೊರಕ್ಕೆ ಹಾಕಿದಳು.

“ನಾನೂ ಪೂಜೆ ಆಗ್ಲಿ ಅಂತಲೇ ಇದ್ನ್ರಿ” ಎಂದಳು. “ಕೋಲು ನನ್ನ ಕೈಗೆ ಬಂದ್ಮ್ಯಾಲೆ ಇವಳ ಕೈಗೆ ಇಟ್ಟು, ಇನ್ಮ್ಯಾಲೆ ನನ್ನ ಸೊಸೆ ಮಾಡ್ತಾಳೆ ಅನ್ನಾಣ ಅಂತ ಕರ್ಕಂಡ್ ಬಂದಿದ್ದೆ. ಊರಿಗೆ ಬಂದಾಗೆಲ್ಲ ಇವಳಿಗೆ ಅದ್ನೇ ಕಲಿಸ್ತಿದ್ದೆ.”

ಒಳಗೆ ಸೊಸೆ ಒಲೆಯ ಮುಂದಿದ್ದಳು. ಪೂಜೆಯ ದಿನ ಅಕ್ಕನ ಜೊತೆ ಅವಳು ಯಾಕೆ ಬಂದಿದ್ದಳೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

“ಇಬ್ರೂ ಬರ್ರಿ ಅಕ್ಕ. ಈಗ್ಲೇ ಹೋಗಾಣ” ಎಂದ ಅಣ್ಣ. 

“ಅಷ್ಟು ಜನದ ಮುಂದೆ ಕೈ ಚಾಚಿ ಬರಿಗೈಲಿ ನಿಂತೋಳು ನಾನು. ಈ ಹುಡುಗಿ ಎದ್ರಿಗೇ. ಮತ್ತೆ ಆ ಬಾಗ್ಲಾಗೆ ಹೆಂಗ್ ಕಾಲಿಡ್ಲಿ? ಕೇಳಬ್ಯಾಡ್ರಿ.”

ಉಂಡು ಹೋಗಲೇಬೇಕೆಂದು ಹಟ ಹಿಡಿದಳು. ಸೊಸೆ ಬಡಿಸಿದಳು. ಮುದ್ದೆ ನುಣ್ಣಗಿತ್ತು, ಎಲ್ಲೂ ಒಂದು ಗಂಟಿರಲಿಲ್ಲ. ಅಕ್ಕನದೇ ಹದ. ಅಣ್ಣ ಒಂದು ತುತ್ತು ಮುರಿದು, ಅದನ್ನು ಸಾರಿನಲ್ಲಿ ಅದ್ದಿ ಹಾಗೇ ಕೂತ. “ಉಣ್ರಿ, ಆರಿ ಹೋಗ್ತೈತೆ” ಎಂದಳು ಅಕ್ಕ.  

ವಾಪಸು ಬರುವಾಗ ಊರು ದಾಟಿದ ಮೇಲೆ ಅಣ್ಣ ರಸ್ತೆಯನ್ನೇ ನೋಡುತ್ತ ಕೇಳಿದ:

“ನಿಮ್ಮ ಆಫೀಸ್ನಾಗೆ ಆಗಿದ್ರೆ ಏನ್ ಮಾಡ್ತಿದ್ರಿ?”

“ಪೂಜೆಗೆ ಮೊದ್ಲೇ ಅಕ್ಕನ್ನ ಕೂರಿಸಿಕೊಂಡು, ಕೈ ನೋಯ್ತೈತಲ್ಲ, ನಿಂಗೆ ಹೆಂಗೆ ಮಾಡಿದ್ರೆ ಒಳ್ಳೇದು ಅಂತ ಕೇಳ್ತಿದ್ವಿ.”

“ಅಷ್ಟೇನಾ?”

“ಅಷ್ಟೇ.”

ಅವನು ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಸ್ಟೇರಿಂಗ್ ಮೇಲೆ ಹಣೆಯಿಟ್ಟು, ಅಪ್ಪ ಹೋದಾಗಲೂ ಅಳದವನು ದನಿ ತೆಗೆದು ಅತ್ತ. ಬರೀ ಮಾತಾಡಿ ಸಂಬಳ ತೆಗೆದುಕೊಳ್ಳುವ ನನಗೆ ಅವತ್ತು ಅವನಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ.