ಮೂರನೇ ಪೈಪಿನ ಸುತ್ತು

ನಾನು ಹೊಲಿಗೆಯವಳು. ದಾವಣಗೆರೆಯ ಸರಸ್ವತಿ ನಗರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಜಂಪರು, ಲಂಗ, ಶಾಲೆಯ ಯೂನಿಫಾರ್ಮು ಹೊಲಿಯುತ್ತಾ ಬಂದವಳು. ಬೇರೆಯವರು ಮುಕ್ಕಾಲು ಮೀಟರ್ ಕೇಳುವ ಕಡೆ ನಾನು ಅರ್ಧ ಮೀಟರಿನಲ್ಲಿ ಮುಗಿಸುತ್ತೇನೆಂದು ಓಣಿಯಲ್ಲಿ ಹೆಸರಿತ್ತು. ಆ ಹೆಸರಿನ ಸೊಕ್ಕು ನನಗೂ ಸ್ವಲ್ಪ ಹೆಚ್ಚೇ ಇತ್ತು ಅನ್ನಿ. ಅದು ಇಳಿದದ್ದು ಬಟ್ಟೆಯಿಂದಲ್ಲ, ಒಂದು ಲಾರಿಯಿಂದ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರು ಊರಿನ ಒಬ್ಬ ಧಣಿಯ ಹತ್ತಿರ ಹದಿನೆಂಟು ವರ್ಷ ಲಾರಿ ಓಡಿಸಿದ್ದರು. ಧಣಿ ಹೊಸ ಲಾರಿ ತಂದಾಗ ಮೂಲೆಗೆ ತಳ್ಳಿದ್ದ ಹಳೆಯದನ್ನು ಇವರೇ ಕೇಳಿ ಕೊಂಡುಕೊಂಡು, ಎರಡು ವರ್ಷದಿಂದ ಸ್ವಂತ ಗಾಡಿಯವರಾಗಿದ್ದರು. ಲೋಡು ಹೆಚ್ಚಾಗಿ ಆ ಧಣಿಯ ಭತ್ತವೇ. ಲೋಡು ಕೊಡುವಾಗಲೆಲ್ಲ ಧಣಿ, "ಆ ಡಬ್ಬಾನ ಗುಜರಿಗೆ ಹಾಕಿ ನಮ್ಮ ಗಾಡಿ ಹತ್ತೋ ಮಾರಾಯ" ಅನ್ನುತ್ತಿದ್ದ. ಇವರು ನಕ್ಕು ಬರುತ್ತಿದ್ದರು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಪರಿಚಯದ ಟೆಂಪೋ ಡ್ರೈವರ್ ಬಂದು, ಪೇಪರಿನಲ್ಲಿ ಸುತ್ತಿದ್ದ ಏನನ್ನೋ ನನ್ನ ಕೈಗಿಟ್ಟ. ಬಿಚ್ಚಿದರೆ ಡೀಸೆಲ್ ವಾಸನೆಯ ಒಂದು ಕಬ್ಬಿಣದ ಕೊಳವೆ. ಬೆರಳಿಗಿಂತ ಸಣ್ಣ, ಎರಡೂ ತುದಿಗೆ ನಟ್ಟು, ನಡುವೆ ಒಂದು ಸುತ್ತು. ಒಂದು ನಟ್ಟಿನ ಕುತ್ತಿಗೆಯ ಹತ್ತಿರ ಮುರಿದಿತ್ತು.

"ಅಣ್ಣನ ಗಾಡಿ ಕೊಂಡಜ್ಜಿ ಕೆರೆ ಹತ್ರ ನಿಂತೈತೆ ಅಕ್ಕಾ. ಎಂಜಿನ್ನಿಗೆ ಡೀಸೆಲ್ ಒಯ್ಯೋ ನಾಜಲ್ ಪೈಪು ಮುರ್ದೈತೆ. ಡೀಸೆಲ್ ಎಲ್ಲಾ ಬಿಸಿ ಎಂಜಿನ್ ಮ್ಯಾಲೆ ಚಿಮ್ತೈತೆ, ಹಂಗೇ ಓಡ್ಸಂಗಿಲ್ಲ. ಇಂಥದ್ದೇ ಇನ್ನೊಂದು ಹುಡುಕಿ ತರಬೇಕಂತೆ."

"ಅವ್ರು ಯಾಕ ಬರ್ಲಿಲ್ಲ?"

"ಲೋಡ್ ಐತಲ್ಲ."

ಅದು ನನಗೂ ಗೊತ್ತಿದ್ದ ಸಂಗತಿ. ಲೋಡು ತುಂಬಿದ ಗಾಡಿಯನ್ನು ಬಿಟ್ಟು ಡ್ರೈವರ್ ಕದಲುವುದಿಲ್ಲ. ನಮ್ಮ ಮದುವೆಯ ನಿಶ್ಚಯಕ್ಕೂ ಇವರು ಇದೇ ಕಾರಣಕ್ಕೆ ಅರ್ಧ ದಿನ ತಡವಾಗಿ ಬಂದಿದ್ದರು.

"ನಾಳೆ ಸಂಜಿಯೊಳಗೆ ಭತ್ತ ಹರಿಹರದ ಮಿಲ್ ಸೇರ್ಬೇಕಂತೆ," ಅಂದ ಟೆಂಪೋದವ. "ಇಲ್ಲಾಂದ್ರೆ ಧಣಿ ತನ್ನ ಗಾಡಿ ಕಳಿಸ್ತಾನಂತೆ. ಹಂಗೇನಾರ ಆದ್ರೆ ಈ ಗಾಡಿ ಗುಜರಿಗೆ ಹಾಕಿ, ನಾ ಮತ್ತೆ ಧಣಿ ಹತ್ರಕೇ ಹೋಗ್ತೀನಿ ಅಂತ ಅಣ್ಣ ಹೇಳ್ದ."

ಇವರು ಸುಮ್ಮನೆ ಮಾತು ಆಡುವವರಲ್ಲ. ಯೂನಿಫಾರ್ಮುಗಳನ್ನು ಮಡಚಿಟ್ಟು ಮಿಷನ್ನಿಗೆ ಹೊದಿಕೆ ಹಾಕಿದೆ.

ಆದರೆ ನನ್ನ ಸ್ವಭಾವವೇ ಹಾಗೆ, ಭಯದ ಜೊತೆಗೇ ಕುತೂಹಲ ಎದ್ದು ಕೂರುತ್ತದೆ. ಬಸ್ ಸ್ಟಾಪಿನಲ್ಲಿ ನಿಂತು ಆ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೊರಗೆ ಅಷ್ಟು ದಪ್ಪ, ಒಳಗಿನ ತೂತು ಮಾತ್ರ ತೀರಾ ಸಣ್ಣದು. ಚೀಲದಲ್ಲಿದ್ದ ದಬ್ಬಣ ತೂರಿಸಿದೆ, ಹೋಗಲಿಲ್ಲ. ಬಟ್ಟೆ ಹೊಲಿಯುವ ಸೂಜಿ ಹೋಯಿತು. ಇಷ್ಟು ಸಣ್ಣ ತೂತಿನಲ್ಲಿ ಬರುವ ಎಣ್ಣೆ ಅಷ್ಟು ದೊಡ್ಡ ಲಾರಿಯನ್ನು ಎಳೆಯುತ್ತದೆಯೇ! ಇಷ್ಟು ವರ್ಷ ಇವರ ಅಂಗಿಯ ಡೀಸೆಲ್ ಕಲೆ ಒಗೆದಿದ್ದೆನೇ ಹೊರತು ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.

ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ಮೊದಲನೆಯವನು ಪೈಪನ್ನು ಮುಟ್ಟಲೂ ಇಲ್ಲ, ದೂರದಿಂದಲೇ ನೋಡಿ ತಲೆಯಾಡಿಸಿದ. "ಈ ಮಾಡಲ್ ನಿಂತು ಜಮಾನಾ ಆತು ಅಕ್ಕಾ. ಗುಜರಿ ಬಜಾರಕ್ಕೆ ಹೋಗ್ರಿ." ಎರಡನೆಯವನು ಗಂಡಸರನ್ನು ಕಳಿಸಿ ಅಂದ. ಗಂಡಸರು ಬಂದರೆ ಪೈಪು ಹುಟ್ಟುತ್ತದೇನು ಎಂದು ಕೇಳಿಯೇ ಕೆಳಗಿಳಿದೆ.

ಗುಜರಿಯಲ್ಲಿ ಪೈಪುಗಳ ದೊಡ್ಡ ರಾಶಿಯೇ ಇತ್ತು. ಗುಜರಿಯವನು, "ಕೂಡ್ರಿ ಅಕ್ಕಾ, ನೀವೇ ಆರಿಸ್ಕೊಳ್ರಿ" ಎಂದು ಒಂದು ಹಳೆಯ ಸೀಟು ಎಳೆದು ಕೊಟ್ಟ. ಕೂತೆ. ಒಂದಕ್ಕೆ ಒಂದು ಬಾಗು, ಇನ್ನೊಂದಕ್ಕೆ ಎರಡು, ಮತ್ತೊಂದು ಹಾವಿನಂತೆ ಡೊಂಕು. ಯಾವುದೂ ಇನ್ನೊಂದರಂತಿಲ್ಲ. ಇವಕ್ಕೆ ಈ ಡೊಂಕು ಯಾಕೆ ಬೇಕಪ್ಪಾ ಎಂದು ಒಂದು ತಾಸು ಅದರಲ್ಲೇ ಕಳೆದೆ. ಬಂದ ಕೆಲಸ ಮರೆತು ನೋಡುತ್ತಾ ಕೂತಿದ್ದೆ ಎಂದರೂ ಸುಳ್ಳಲ್ಲ. ಹೊಂದುವಂಥದ್ದು ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡೀಸೆಲ್ ಪಂಪು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಅದೃಷ್ಟ ಖುಲಾಯಿಸಿತು. ಎರಡೂ ತುದಿಗೆ ನಟ್ಟು ಕೂಡಿಸಿಟ್ಟ, ಇನ್ನೂ ಬಗ್ಗಿಸದ ಹೊಸ ಪೈಪು ಅವನಲ್ಲಿತ್ತು. ನಟ್ಟು ಸರಿಯಾಗಿಯೇ ಕೂತಿತು. ಉದ್ದ ಮಾತ್ರ ನಮ್ಮದಕ್ಕಿಂತ ಒಂದು ಗೇಣು ಕಡಿಮೆ.

"ಸುತ್ತು ಬರಂಗಿಲ್ಲ ಅಕ್ಕಾ," ಅಂದ ಅವನು.

ನಾನು ಟೇಪು ತೆಗೆದೆ. ಹಳೆಯ ಪೈಪಿನ ಎರಡು ತುದಿಗಳ ನಡುವಿನ ನೇರ ಅಂತರ ಅಳೆದೆ. ಹೊಸದು ಅಷ್ಟು ದೂರಕ್ಕೆ ಬೇಕಾದಷ್ಟಿತ್ತು. ಸುತ್ತು ಎನ್ನುವುದು ನನ್ನ ಕಣ್ಣಿಗೆ ಶುದ್ಧ ದಂಡ, ಬಟ್ಟೆ ಹೆಚ್ಚಿದೆಯೆಂದು ಸುಮ್ಮನೆ ಬಿಟ್ಟ ಮಡಿಕೆ.

"ಸುತ್ತು ಬ್ಯಾಡ ಬಿಡ್ರಿ. ಇಲ್ಲಿಂದ ಅಲ್ಲಿಗೆ ಮುಟ್ಟಿದ್ರೆ ಸಾಕಲ್ಲ?"

"ಡ್ರೈವರ್ ಒಪ್ತಾರೇನ್ರಿ?"

"ನಾ ಒಪ್ಪಿಸ್ತೀನಿ. ನೀವು ಬಗ್ಸಿ ಕೊಡ್ರಿ."

ಅವನು ಬಗ್ಗಿಸಿ ಕೊಟ್ಟ. ಬಸ್ಸಿನಲ್ಲಿ ಕೂತಾಗ ಆ ಸುತ್ತಿಲ್ಲದ ಪೈಪು ನನಗೆ ಹಳೆಯದಕ್ಕಿಂತ ಅಚ್ಚುಕಟ್ಟಾಗಿ ಕಂಡಿತು.

ಕೊಂಡಜ್ಜಿಯಲ್ಲಿ ಇವರು ಲಾರಿಯ ನೆರಳಲ್ಲಿ ಟವಲ್ ಹಾಸಿ ಮಲಗಿದ್ದರು. ಪೈಪು ನೋಡಿ, "ಗಿಡ್ಡ ಐತಲ್ಲೇ?" ಅಂದರು. ಮುಟ್ಟುತ್ತೆ ನೋಡ್ರಿ ಅಂದೆ. ಮುಟ್ಟಿತು. ನಟ್ಟು ಬಿಗಿದರು, ಪೈಪಿನೊಳಗಿನ ಗಾಳಿ ತೆಗೆದರು, ಸ್ಟಾರ್ಟ್ ಮಾಡಿದರು. ಎಂಜಿನ್ ಎದ್ದಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಇವರ ಮುಖ ಅರಳಲಿಲ್ಲ. ತಲೆ ಓರೆ ಮಾಡಿ ಕೇಳಿದರು. ಗಡಗಡದ ನಡುವೆ ಸಣ್ಣಗೆ ಟಕ್, ಟಕ್ ಎಂದು ಏನೋ ಬಡಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಬಡಿತ ಜೋರಾಯಿತು. ಎಂಜಿನ್ ನಿಲ್ಲಿಸಿ ಕೆಳಗಿಳಿದು ಬಂಪರಿನ ಮೇಲೆ ಕೂತರು.

"ಇದು ನಮ್ಮ ಗಾಡಿ ದನಿ ಅಲ್ಲ. ಒಳಗೆ ಏನೋ ಹೋಗೈತೆ. ಮುಗೀತು ಇದರ ಕತೆ."

ಆಗಲೇ ಗೊತ್ತಾದದ್ದು, ಬೆಳಿಗ್ಗೆ ಧಣಿಯ ಗುಮಾಸ್ತ ಮೋಟರ್ ಸೈಕಲ್ಲಿನಲ್ಲಿ ಬಂದು ಹೋಗಿದ್ದಾನೆ. ಈ ಗಾಡಿ ಏಳದಿದ್ದರೆ ಅದನ್ನು ಹತ್ತು ಎಂದು ಅವನು ಕೊಟ್ಟುಹೋದ, ಧಣಿಯ ಇನ್ನೊಂದು ಲಾರಿಯ ಕೀಲಿಕೈ ಇವರ ಅಂಗಿಯ ಜೇಬಿನಲ್ಲಿತ್ತು. ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡರು. ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಿನ್ನೆಯವರೆಗೆ ಸರಿಯಿದ್ದ ಎಂಜಿನ್ನಿಗೆ ನಿಂತಲ್ಲೇ ಏನಾಗಲು ಸಾಧ್ಯ? ಬದಲಾದದ್ದು ಒಂದೇ ಒಂದು, ನಾನು ತಂದ ಪೈಪು.

ಬಾನೆಟ್ಟಿನೊಳಗೆ ಬಗ್ಗಿದೆ. ಪಂಪಿನಿಂದ ಎಂಜಿನ್ನಿಗೆ ಆರು ಪೈಪುಗಳು. ತೀರಾ ದೂರದ ಬಾಯಿಗೆ ಹೋಗುವುದು ಹೆಚ್ಚುಕಡಿಮೆ ನೇರ. ಹತ್ತಿರ ಹತ್ತಿರ ಬಂದಂತೆ ಡೊಂಕು ಹೆಚ್ಚು. ಗುಜರಿಯಲ್ಲಿ ತಲೆಯೊಳಗೆ ಹೊಕ್ಕಿದ್ದ ಪ್ರಶ್ನೆ ಮತ್ತೆ ಎದ್ದಿತು. ಹತ್ತಿರ ಇರುವುದಕ್ಕೇ ಯಾಕೆ ಇಷ್ಟು ಸುತ್ತು?

ಚೀಲದಿಂದ ದಾರದ ಉಂಡೆ ತೆಗೆದೆ. ಈ ಸಲ ತುದಿಯಿಂದ ತುದಿಗಲ್ಲ, ಕಂಕುಳ ಅಳೆಯುವಂತೆ ಬಾಗಿನ ಗುಂಟ ದಾರ ಹಿಡಿದೆ. ಮೊದಲನೆಯ ಪೈಪಿಗೆ ಎಷ್ಟಾಯಿತೋ ಅಲ್ಲಿ ಗಂಟು ಹಾಕಿದೆ. ಎರಡನೆಯದು ಅದೇ ಗಂಟಿಗೆ ಬಂತು. ನಾಲ್ಕನೆಯದೂ. ಐದು, ಆರೂ. ಮುರಿದ ಹಳೆಯದನ್ನು ಜೋಡಿಸಿ ಹಿಡಿದೆ, ಅದೂ ಅಷ್ಟೇ. ಮೂರನೆಯ ಜಾಗದಲ್ಲಿದ್ದ ನನ್ನದು ಮಾತ್ರ ಗಂಟಿನಿಂದ ಒಂದು ಗೇಣು ಹಿಂದೆ ನಿಂತಿತ್ತು.

ಟೇಪನ್ನು ಕೊರಳಿಗೆ ಹಾಕಿಕೊಂಡು ಊರಿಗೆಲ್ಲ ಅಳತೆ ಹೇಳುವವಳು ಡೊಂಕಾದದ್ದನ್ನು ನೇರ ಅಳೆದಿದ್ದೆ! ಕಲಿಯಲು ಬಂದ ಹುಡುಗಿಯರು ಇದೇ ತಪ್ಪು ಮಾಡಿದರೆ ಬೈದು ಬಿಚ್ಚಿಸುತ್ತಿದ್ದೆ.

"ರೀ, ಗಾಡಿದೇನೂ ತಪ್ಪಿಲ್ಲ. ನಾನೇ ಗಿಡ್ಡ ಮಾಡ್ಸೀನಿ."

ಇವರು ದಾರದ ಗಂಟನ್ನು ಒಂದೊಂದು ಪೈಪಿಗೂ ಹಿಡಿದು ತಾವೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಇಪ್ಪತ್ತು ವರ್ಷ ಓಡ್ಸೀನಿ, ಇದು ನನಗೂ ಗೊತ್ತಿರ್ಲಿಲ್ಲ ನೋಡು" ಅಂದರು ಅಷ್ಟೇ. ಆಮೇಲೆ ನೆನಪಿಸಿಕೊಂಡು, ಹರಿಹರದಲ್ಲಿ ಹೊಳೆಯ ಕಡೆಗೆ ಹಳೆಯ ಫಿಟ್ಟರ್ ಅಜ್ಜ ಒಬ್ಬನಿದ್ದ, ಬದುಕಿದ್ದರೆ ಅವನೊಬ್ಬನೇ ಗತಿ ಅಂದರು.

ಅಜ್ಜ ಬದುಕಿದ್ದ. ಮರುದಿನ ಬೆಳಿಗ್ಗೆ ನಾನು ಹೋದಾಗ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಕಿವಿಗೆ ದಾರ ಕಟ್ಟಿದ ಕನ್ನಡಕ ಏರಿಸಿ, ಯಾರದೋ ಸ್ಟೋವ್ ರಿಪೇರಿ ಮಾಡುತ್ತಿದ್ದ. ಮುರಿದ ಪೈಪು, ನನ್ನ ಗಿಡ್ಡ ಪೈಪು, ಗಂಟು ಹಾಕಿದ ದಾರ ಮೂರನ್ನೂ ಮುಂದಿಟ್ಟು ಕತೆ ಹೇಳಿದೆ. ಅವನು ಎತ್ತಿಕೊಂಡದ್ದು ದಾರವನ್ನು.

"ಇದನ್ನ ಯಾರು ಅಳದ್ರು?"

"ನಾನೇ ಅಜ್ಜಾ."

"ಗಿಡ್ಡ ಮಾಡ್ಸಿದ್ದು?"

"ಅದೂ ನಾನೇ."

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅಟ್ಟದಿಂದ ಉದ್ದನೆಯ ಉಕ್ಕಿನ ಪೈಪು ಇಳಿಸಿ, ದಾರದ ಗಂಟಿಗೆ ಸರಿಯಾಗಿ ಕೊಯ್ದ. ನಟ್ಟು ಜಾರದಂತೆ ತುದಿಯನ್ನು ಉಬ್ಬಿಸಿ ತಲೆ ಮಾಡಲು ಅವನೇ ಕಟ್ಟಿಕೊಂಡ, ಕೈಯಿಂದ ಒತ್ತುವ ಯಂತ್ರವಿತ್ತು. ಹಳೆಯ ನಟ್ಟುಗಳನ್ನೇ ಪೋಣಿಸಿ ತಲೆ ಒತ್ತಿದ. ನಾನು ಸುಮ್ಮನಿರಲಾಗದೆ ಕೇಳಿದೆ, "ಎಲ್ಲಾ ಒಂದೇ ಉದ್ದ ಯಾಕ ಬೇಕಜ್ಜಾ?"

"ಪಂಪು ಆರೂ ಮಂದಿಗೆ ಸಮ ಲೆಕ್ಕದಾಗ ಡೀಸೆಲ್ ತಳ್ತೈತೆ ತಂಗಿ. ದಾರಿ ಗಿಡ್ಡ ಇದ್ದವ್ನಿಗೆ ಮೊದ್ಲು ಮುಟ್ತೈತೆ. ಅವ ತನ್ನ ಪಾಳಿಗಿಂತ ಮುಂಚೇನೇ ಸಿಡೀತಾನ. ನೀ ಕೇಳಿದ ಟಕಟಕ ಅದೇ."

"ಒಂದು ಗೇಣಿಗೆ ಎಷ್ಟು ಮುಂಚೆ ಆಗ್ತೈತೆ?"

"ನೀ ಕಣ್ಣು ಮಿಟಕ್ಸೋದ್ರಾಗ ಅಂಥವು ಎಷ್ಟೋ ಆಗಿ ಹೋಗ್ತಾವೆ. ನಮಗ ತಿಳಿಯಂಗಿಲ್ಲ. ಎಂಜಿನ್ನಿಗೆ ತಿಳೀತೈತೆ."

ಮರದ ಗೂಟಕ್ಕೆ ಒತ್ತಿ ಹಿಡಿದು ನಿಧಾನ ಬಗ್ಗಿಸಿದ. ನಾನು ದಂಡವೆಂದು ತೆಗೆಸಿದ ಸುತ್ತು ನನ್ನ ಕಣ್ಣೆದುರೇ ಮತ್ತೆ ಮೂಡಿತು. ನನಗೆ ಆಗ ಆದ ಖುಷಿಯನ್ನು ಹೇಗೆ ಹೇಳಲಿ, ಗಾಡಿಯ ಚಿಂತೆಯೂ ಒಂದು ಗಳಿಗೆ ಮರೆತುಹೋಗಿತ್ತು. ಹೊರಡುವಾಗ ಅಜ್ಜ ಒಂದು ಸಣ್ಣ ಕ್ಲಿಪ್ಪನ್ನೂ ಕೊಟ್ಟ. "ಪೈಪು ಅಲ್ಲಾಡಿ ಅಲ್ಲಾಡಿ ಮುರ್ದೈತೆ. ಇದನ್ನ ಹಾಕಿ ಕಟ್ಟು ಅಂತ ನಿನ್ನ ಗಂಡಗ ಹೇಳು."

ಮಧ್ಯಾಹ್ನ ಕೊಂಡಜ್ಜಿಯಲ್ಲಿ ಇವರು ಪೈಪು ಹಾಕಿ ಕ್ಲಿಪ್ ಬಿಗಿದು ಸ್ಟಾರ್ಟ್ ಮಾಡಿದಾಗ ನಾನು ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದೆ. ಗಡಗಡ ಒಂದೇ ಸಮ ಬಂತು. ಇವರು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಬಡಿತವಿಲ್ಲ. ಪಕ್ಕದ ಬಾಗಿಲು ತೆರೆದು, "ಹತ್ತು" ಅಂದರು.

ಸಂಜೆಗೆ ಮುಂಚೆಯೇ ಹರಿಹರದ ಮಿಲ್ಲಿನಲ್ಲಿ ಭತ್ತ ಇಳಿಯಿತು. ದಾವಣಗೆರೆಗೆ ಬಂದವರು ಮನೆಯ ಕಡೆ ತಿರುಗಿಸಲಿಲ್ಲ. ಧಣಿಯ ಮನೆಯ ಗೇಟಿನ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆ ಕೆಳಗಿಳಿದರು. ಡೀಸೆಲ್ ಉಳಿಸಲು ಸಿಗ್ನಲಿನಲ್ಲೂ ಎಂಜಿನ್ ಆರಿಸುವ ಮನುಷ್ಯ. ಧಣಿ ಜಗಲಿಯಲ್ಲೇ ಕೂತಿದ್ದ. ಇವರು ಜೇಬಿನ ಕೀಲಿಕೈ ತೆಗೆದು ಅವನ ಪಕ್ಕದಲ್ಲಿಟ್ಟು, ಕೈಕಟ್ಟಿ ಸ್ವಲ್ಪ ಹೊತ್ತು ನಿಂತರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಅವರ ಮಾತು ಕೇಳಿಸಲಿಲ್ಲ. ಧಣಿ ಕತ್ತು ಚಾಚಿ ಲಾರಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

ಇವರು ಬಂದು ಹತ್ತಿದ ಮೇಲೆ ಕೇಳಿದೆ, "ಏನಂದ್ರು?"

"ಆ ಪೈಪು ಎಲ್ಲೂ ಸಿಗಂಗಿಲ್ಲ, ಯಾವ ಮೇಸ್ತ್ರಿ ರಿಪೇರಿ ಮಾಡ್ದ ಅಂದ್ರು."

"ನೀವೇನಂದ್ರಿ?"

ಗೇರು ಹಾಕಿ, ಕನ್ನಡಿ ನೋಡಿ, ಗಾಡಿ ರಸ್ತೆಗೆ ಬಂದ ಮೇಲೆ ಹೇಳಿದರು.

"ಕೆಡ್ಸಿದ್ದೂ ನಮ್ಮನೆಯಾಕಿ, ಕಂಡುಹಿಡ್ದಿದ್ದೂ ನಮ್ಮನೆಯಾಕಿ ಅಂದೆ."